ಸುವೈಬಾಳ ಕೋಳಿಮರಿ

ಆಗಸ್ಟ್ 6, ಸಂಜೆ

...ಕೋಳಿಮರಿ ಎಂದಳೋ, ಕುರಿಮರಿ ಎಂದಳೋ. ಕೋಳಿಮರಿಯೇ ಇರಬೇಕು. ಹೆಂಗಸರೆಲ್ಲ ನಕ್ಕರು.

ಇವತ್ತೂ ಬೇವಿನ ಮರದಡಿ ತಪಾಸಣೆ. ಸಜ್ಜೆ ಇನ್ನೂ ಹಾಲುಗಾಳು, ಕಣಜಗಳು ಖಾಲಿ. ಮಕ್ಕಳ ತೋಳಿಗೆ ಅಳತೆಪಟ್ಟಿ ಸುತ್ತುವುದು — ಹಸಿರೋ, ಹಳದಿಯೋ, ತೀರಾ ಸೊರಗಿದ್ದರೆ ಕೆಂಪೋ. ಪಾದ ಒತ್ತಿ ಬಾವು ನೋಡುವುದು. ಆಮೇಲೆ ಇರುಳುಗಣ್ಣಿನ ಪ್ರಶ್ನೆ. ವಿಟಮಿನ್ ಎ ಗುಳಿಗೆ ಮಾರಾದಿಯ ದೊಡ್ಡಾಸ್ಪತ್ರೆಯಿಂದ ಬಂದಿಲ್ಲ. ಉಳಿದ ಕೆಲವನ್ನು ಇರುಳುಗಣ್ಣು ಇದೆ ಎಂದವರಿಗೆ ಮಾತ್ರ ಕೊಡಬೇಕು.

ಲಾವಾಲಿ. ಮೂರು ವರ್ಷ. ಹಳದಿ. ಕಣ್ಣು ಸ್ವಲ್ಪ ಒಣಗಿದಂತೆ... ಧೂಳಿರಬೇಕು. ಕರೆತಂದವಳು ಅಜ್ಜಿ ಡೇಲು. ತಾಯಿ ಸುವೈಬಾ ಅವನಿಗೆ ಬೆನ್ನು ಹಾಕಿ ಕೂತಿದ್ದಳು. ಚೊಚ್ಚಲು ಮಗ, ಮೊಲೆ ಬಿಡಿಸಿದಾಗಿನಿಂದ ಅಜ್ಜಿಯ ಪಾಲು. ನಮ್ಮಲ್ಲಿ ಚೊಚ್ಚಲು ಮಗುವನ್ನು ತಾಯಿ ಹೆಸರು ಹಿಡಿದು ಕರೆಯಳು, ಜನರೆದುರು ಅದರ ಮಾತೂ ಆಡಳು. ನಾಚಿಕೆ. ನನ್ನ ಚೊಚ್ಚಲು ಮಗಳು ಜಿಂದೇರ್‌ನಲ್ಲಿದ್ದಾಳೆ. ಈ ದಿನಚರಿಯಲ್ಲಿ ಕೂಡ ಹೆಸರಿಲ್ಲದೆ 'ಅವಳು' ಎಂದೇ ಬರೆಯುತ್ತ ಬಂದಿದ್ದೇನೆ.

"ಸಂಜೆ ಇವನಿಗೆ ಕಣ್ಣು ಕಾಣ್ತದಾ?"

"ಇವನಿಗಾ?" ಎಂದಳು ಡೇಲು. "ಹೊತ್ತು ಮುಳುಗಿದ್ರೆ ನನಗೇ ಕಾಣಲ್ಲ ಕಣಮ್ಮ. ಇವನೇ ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋಗ್ತಾನೆ, ನನ್ನ ಪುಟ್ಟ ಗಂಡ."

ಸುವೈಬಾ ನೆಲ ನೋಡುತ್ತ ಹೇಳಿದಳು: "ನಮ್ಮನೇಲಿ ಒಂದು ಕೋಳಿಮರಿ ಐತೆ ಅಕ್ಕ. ಸಂಜೆ ಆದ್ರೆ ಗೋಡೆಗೆ ಹೋಗಿ ಹೊಡ್ಕೊತದೆ."

"ಕೋಳಿಗೂ ಒಂದು ಗುಳಿಗೆ ಕೊಡ್ರಿ ಡಾಕ್ಟ್ರಮ್ಮ," ಯಾರೋ ಹಿಂದಿನಿಂದ. "ದಪ್ಪ ಆದ್ಮೇಲೆ ಸಾರಿಗೆ ನಿಮ್ಮನ್ನೂ ಕರೀತಾಳೆ."

ನಾನೂ ನಕ್ಕೆ. ಇರುಳುಗಣ್ಣು 'ಇಲ್ಲ' ಎಂದು ಬರೆದು ಮುಂದಿನ ಮಗುವನ್ನು ಕರೆದೆ.

ಆಗಸ್ಟ್ 9

ಬೇರೆ ಹಳ್ಳಿ. ಎಡೆಬಿಡದ ಮಳೆ. ಒಂದು ಮಗು ಕಡಲೆಕಾಯಿ ಪೇಸ್ಟ್ ಮುಗಿದ ಮೇಲೂ ಖಾಲಿ ಪೊಟ್ಟಣ ಬಿಡಲಿಲ್ಲ.

ಗಂಜಿ ಕುಡಿಯುತ್ತಿದ್ದಾಗ ಸುವೈಬಾಳ ಆ ಮಾತು ಮತ್ತೆ ನೆನಪಾಯಿತು. ಈ ತಿಂಗಳಲ್ಲಿ ಯಾರ ಮನೆಯಲ್ಲಿ ಕೋಳಿ ಉಳಿದಿರುತ್ತದೆ? ಎಲ್ಲ ಎಂದೋ ಸಂತೆಗೆ ಹೋಗಿರುತ್ತವೆ.

ಬಟ್ಟಲು ಕೆಳಗಿಟ್ಟು, ಈಗಲೇ ಸುವೈಬಾಳ ಊರಿಗೆ ಹೊರಡೋಣ ಎಂದೆ.

ಡ್ರೈವರ್ ಹೇಳಿದ, "ಹಳ್ಳ ತುಂಬಿ ಹರೀತಿದೆ ಅಕ್ಕ. ಆ ಕಡೆ ದಾರಿ ಇಲ್ಲ."

ಆಗಸ್ಟ್ 21

ಹಳ್ಳ ಇಳಿಯಿತು. ಗುಳಿಗೆಯೂ ಬಂದಿತ್ತು. ನಮಗಿಂತ ಮೊದಲು ಊರಿಗೆ ದಡಾರ ಬಂದಿತ್ತು.

ಲಾವಾಲಿ ಚಾಪೆಯ ಮೇಲೆ. ಒಣಗಿದ್ದ ಕಣ್ಣಿಗೆ ದಡಾರವೂ ಸೇರಿ ಬಲಗಣ್ಣು ಹೋಗಿದೆ. ಎಡಗಣ್ಣಿನ ಮೇಲೆ ಗಂಜಿತಿಳಿಯಂಥ ಬಿಳುಪು. ಎಣ್ಣೆ ತುಂಬಿದ ಗುಳಿಗೆಯ ತುದಿ ಕತ್ತರಿಸಿ ಬಾಯಿಗೆ ಹಿಂಡಿದೆ. ನಾಳೆ ಇನ್ನೊಂದು.

"ನನ್ನನ್ನ ನಡೆಸ್ತಾನೆ ಅಂದ್ಕೊಂಡಿದ್ದೆ," ಡೇಲು ಅವನ ಕಾಲು ಸವರುತ್ತ ಅಂದಳು. "ಇಬ್ರೂ ತಡಕಾಡ್ತಿದ್ವಿ."

ಸುವೈಬಾ ಬಾಗಿಲ ಹೊರಗಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ಹೇಳಿದ್ದೆನಲ್ಲ ಅಕ್ಕ," ಎಂದಳು.

ಆಗಸ್ಟ್ 22

ಬೆಳಿಗ್ಗೆ ಇನ್ನೊಂದು ಗುಳಿಗೆ. ಮಾರಾದಿಯ ಆಸ್ಪತ್ರೆಗೆ ಕಳಿಸಲು ಗಾಡಿ ಬಂತು. ಅಜ್ಜಿಯ ತೊಡೆಯ ಮೇಲೆ ಮಗು. ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಸುವೈಬಾ ಅವರನ್ನು ಸರಿಸಿಕೊಂಡು ಬಂದು ಗಾಡಿಯ ಬಾಗಿಲು ಹಿಡಿದಳು.

"ಲಾವಾಲಿ."

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

"ಲಾವಾಲಿ."

ಮಗು ಅಜ್ಜಿಯ ಎದೆಗೆ ಒತ್ತಿಕೊಂಡಿತು. "ಅಜ್ಜಿ, ಯಾರದು?"

ಆಗಸ್ಟ್ 30

ಎಡಗಣ್ಣಿಗೆ ಬೆಳಕು ಗೊತ್ತಾಗುತ್ತದಂತೆ. ಅಷ್ಟೇ ಅಂತೆ. ಸುವೈಬಾ ಅಲ್ಲೇ ಇದ್ದಾಳೆ. ದಿನವಿಡೀ ಹೆಸರು ಹಿಡಿದು ಕರೆಯುತ್ತಾಳೆ, ಅಕ್ಕಪಕ್ಕದ ಹಾಸಿಗೆಯವರು ಮುಖ ತಿರುಗಿಸುತ್ತಾರೆ — ಡ್ರೈವರ್ ಹೇಳಿದ.

ಜಿಂದೇರ್‌ಗೆ ಫೋನ್ ಮಾಡಿದೆ. ರಿಂಗ್ ಆಗುತ್ತಿತ್ತು... ನಾನೇ ಇಟ್ಟೆ. ಮಗಳ ಹೆಸರನ್ನು ಮೊದಲು ಇಲ್ಲಿ ಬರೆದು ನೋಡಬೇಕು. ನಾನು ಹೆಸರು ಹಿಡಿದು ಕರೆದರೆ ನೀನೂ 'ಯಾರದು' ಎಂದು ಕೇಳುತ್ತೀಯಾ, ಝು...