ದೋಣಿಯವಳ ಪಾತ್ರ ಯಾರಿಗೆ

ಮಾರ್ಚ್ ಒಂಬತ್ತು, ಸೋಮವಾರ
ಆಟವಿಲ್ಲದ ದಿನ, ಲಾಡ್ಜಿನ ಕೋಣೆ

ದೋಣಿಯವಳಿಗೆ,

ಮೊದಲು ‘ನನ್ನ’ ಎಂದು ಸೇರಿಸಿ ಬರೆದಿದ್ದೆ. ಆಮೇಲೆ ನಿನ್ನ ಮುಖ ಕಣ್ಣಿಗೆ ಕಟ್ಟಿತು, ಆ ಹಾಳೆ ಹರಿದು ಬೇರೆ ತೆಗೆದುಕೊಂಡೆ. ಆರು ವರ್ಷ ಬೇರೆ ಬೇರೆ ಊರಲ್ಲಿ ಕಳೆದ ಗಂಡ ಹೆಂಡತಿ ಒಮ್ಮೆಲೇ ಹಾಗೆ ಶುರು ಮಾಡಿದರೆ ಅಂಚೆಯವನಿಗೂ ನಗು ಬಂದೀತು. ನಾನು ಕ್ಷೇಮ. ನೀನೂ ಹಾಗೇ ಇದ್ದೀಯ ಎಂದುಕೊಂಡಿದ್ದೇನೆ. ನಿನ್ನ ಅಕ್ಕ ಕ್ಷೇಮವಾಗಿಯೇ ಇರುತ್ತಾಳೆ, ಅವಳಿಗೇನು ಧಾಡಿ. ನಾನು ಮಬ್ಬು ದೀಪ ಎಂದು ಇಂದಿಗೂ ಹೇಳುತ್ತಾಳಂತಲ್ಲ, ಹೇಳಲಿ ಬಿಡು.

ನಿನ್ನ ಕಾಗದ ಬಂದ ದಿನವೇ ಉತ್ತರ ಕೊಡಬೇಕಿತ್ತು. ಫೋನ್ ಮಾಡಿ ಎಂದು ನೀನು ಅಡಿಗೆರೆ ಹಾಕಿ ಬರೆದಿದ್ದೆ. ಮಾಡಲಿಲ್ಲ. ನಿನ್ನ ದನಿ ಕಿವಿಗೆ ಬಿದ್ದರೆ ನಾನು ಕರಗಿ, ಬಾ ಎಂದುಬಿಡುತ್ತೇನೆ. ನೀನು ಕೇಳಿದ್ದು ನಿಜವನ್ನು. ನೀನು ಮಾಡುತ್ತಿದ್ದ ಹಳೆಯ ದೋಣಿ ನಾಟಕವನ್ನು ಮತ್ತೆ ಕಟ್ಟಿ ಊರೂರು ತಿರುಗಿಸುತ್ತಿದ್ದಾರೆ, ಮುಖ್ಯ ಪಾತ್ರದವಳು ತಿಂಗಳ ಕೊನೆಗೆ ಬಿಟ್ಟು ಹೋಗುತ್ತಾಳೆ, ಜಾಗ ಖಾಲಿಯಾಗುತ್ತದೆ, ಇಪ್ಪತ್ತೆರಡಕ್ಕೆ ಕಂಪನಿ ನಿನ್ನ ಊರಿಗೇ ಬರುತ್ತದೆ. ಇಷ್ಟನ್ನೂ ನೀನು ಎಲ್ಲಿಂದ ಸಂಗ್ರಹಿಸಿದೆಯೋ ನಾ ಕಾಣೆ. ಈಗಿನ ಇಬ್ಬರನ್ನೂ ದಿನಾ ಮೇಲಿಂದ ನೋಡ್ತೀರಿ, ನನ್ನನ್ನೂ ನೋಡಿದ್ದೀರಿ, ಮೂವರನ್ನೂ ಪಕ್ಕಪಕ್ಕ ನಿಲ್ಲಿಸಿ ಹೇಳಿ, ಬಾ ಅಂದ್ರೆ ಬಂದು ಮ್ಯಾನೇಜರನ್ನ ಕಾಣ್ತೀನಿ, ಬೇಡ ಅಂದ್ರೆ ಇನ್ನು ಈ ಜನ್ಮದಲ್ಲಿ ಆ ಮಾತು ಎತ್ತಲ್ಲ ಅಂತ ಬರೆದಿದ್ದೀಯ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು. ಪಾತ್ರ ಸಿಕ್ಕರೆ ಲಾಡ್ಜಿನಲ್ಲಿ ಇಬ್ಬರಿಗೂ ಒಂದೇ ಕೋಣೆ ಸಾಕಲ್ವಾ ಅಂತ. ಆ ಸಾಲನ್ನು ಎಷ್ಟು ಸಲ ಓದಿದೆ ಎಂದು ಮಾತ್ರ ಕೇಳಬೇಡ.

ಸರಿ, ಮೊದಲು ಈಗ ಆ ಪಾತ್ರ ಮಾಡುತ್ತಿರುವ ಟೀವಿಯವಳ ವಿಷಯ. ಜನ ಬರುವುದು ಅವಳ ಮುಖ ನೋಡಲು, ಆ ಮುಖ ಚೆನ್ನಾಗಿಯೇ ಇದೆ, ಇಲ್ಲ ಎಂದರೆ ಪಾಪ ಬರುತ್ತದೆ. ಆದರೆ ನನ್ನ ಜಾಗ ನಿನಗೆ ಗೊತ್ತು. ಬಾಲ್ಕನಿಯ ಹಿಂದೆ, ಎಲ್ಲರ ತಲೆಯ ಮೇಲೆ, ಆ ಬಿಸಿ ಸ್ಪಾಟ್‌ಲೈಟನ್ನು ತಬ್ಬಿಕೊಂಡು. ಅಲ್ಲಿಂದ ಕಾಣುವುದು ಬೈತಲೆ, ಭುಜ, ಹೆಜ್ಜೆ ಅಷ್ಟೇ. ಅವಳು ಅತ್ತರೆ ಮೊದಲ ಸಾಲಿನವರು ಕರವಸ್ತ್ರ ತೆಗೆಯುತ್ತಾರೆ, ನನಗೆ ಮಾತ್ರ ಬಸ್ಸಿಗೆ ಕಾಯುತ್ತ ನಿಂತವಳ ಬೆನ್ನು ಕಾಣುತ್ತದೆ. ಹಾಡು ಶುದ್ಧ. ಒಂದು ಸ್ವರವೂ ತಪ್ಪುವುದಿಲ್ಲ, ಒಂದೂ ಬಂದು ತಟ್ಟುವುದಿಲ್ಲ. ಹುಟ್ಟು ಹಾಕುವುದಂತೂ ಪಾತ್ರೆಯಲ್ಲಿ ಸೌಟು ಆಡಿಸಿದ ಹಾಗೆ. ದೋಣಿಯ ಚಕ್ರ ಸರಿಯಿಲ್ಲ, ಹಲಗೆ ಜಾರುತ್ತದೆ ಎಂದು ದಿನಕ್ಕೊಂದು ತಕರಾರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇಲ್ಲಿಯವರೆಗೆ ಓದಿ ನಿನಗೆ ಖುಷಿಯಾಗಿರುತ್ತದೆ. ಬರೆಯುವಾಗ ನನಗೂ ಆಯಿತು.

ಅವಳ ಮೊದಲ ಪ್ರದರ್ಶನದಲ್ಲಿ ಏನಾಯಿತು ಗೊತ್ತೇ? ನಡುನೀರಿನ ಹಾಡು ಬಂತು. ಬೇರೆಯವಳನ್ನು ಮದುವೆಯಾಗಲು ಹೊರಟವನನ್ನು ತಾನೇ ಆಚೆ ದಡ ಮುಟ್ಟಿಸುತ್ತಾಳಲ್ಲ, ಅದೇ. ಆ ಉದ್ದದ ಮೇಲಿನ ಸ್ವರ ಹಿಡಿದು ನೀನು ಹುಟ್ಟು ಕೆಳಗಿಟ್ಟು ದೋಣಿಯ ಮೂತಿಗೆ ನಡೆದು ಹೋಗುತ್ತಿದ್ದೆ, ಕಾಲಬುಡ ನೋಡದೆ. ನನ್ನ ಕೈ ಆ ಸ್ವರ ಕೇಳಿದ್ದೇ ತಡ, ತನ್ನಷ್ಟಕ್ಕೆ ಬೆಳಕನ್ನು ಮೂತಿಗೆ ಒಯ್ದಿತು. ಅಲ್ಲಿ ಯಾರೂ ಇಲ್ಲ. ಟೀವಿಯವಳು ಹಿಂದೆ ಕತ್ತಲಲ್ಲಿ ಕೂತು ಹಾಡುತ್ತಿದ್ದಾಳೆ, ನಾನು ಖಾಲಿ ಹಲಗೆಯನ್ನು ಬೆಳಗುತ್ತಿದ್ದೇನೆ. ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ಮ್ಯಾನೇಜರ್ ಕಿರುಚಿದ ಮೇಲೆಯೇ ಎಚ್ಚರವಾದದ್ದು. ಏನ್ರೀ ಕರೆಂಟು, ಹೀರೋಯಿನ್ ಎಲ್ಲೋ, ನೀವು ಗಾಳಿಗೆ ಲೈಟ್ ಹಾಕ್ತಿದ್ದೀರಲ್ಲ ಅಂದರು. ಮರುದಿನ ಪೇಪರಿನವನು ಅದನ್ನೇ ಹೊಗಳಿದ್ದ. ಪ್ರೀತಿಸಿದವನಿಲ್ಲದ ಶೂನ್ಯವನ್ನು ಖಾಲಿ ಬೆಳಕಿನಲ್ಲಿ ತೋರಿಸಿದ್ದಾರೆ ಎಂದು. ಗ್ರೀನ್ ರೂಮಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಈಗ ಬದಲಿ ಹುಡುಗಿ. ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಾರೆ. ಕುಳ್ಳಿ, ಅಗಲ ಕಿವಿ, ಮಾತಾಡಿದರೆ ಮೂಗಿನಿಂದ ಬಂದ ಹಾಗೆ. ದಿನಾ ಬಟ್ಟೆ ಒಗೆಯುವವರ ಗುಂಪಿನಲ್ಲಿ ಬುಟ್ಟಿ ಹೊತ್ತು ಹಿಂದಿನ ಸಾಲಿನಲ್ಲಿ ಹಾಡುತ್ತಾಳೆ. ಹೋದ ತಿಂಗಳು ಟೀವಿಯವಳಿಗೆ ಜ್ವರ ಬಂದು ಇವಳನ್ನು ಹತ್ತಿಸಿದರು. ದೊಡ್ಡವಳ ಅಂಗಿಯನ್ನು ಬೆನ್ನಿಗೆ ಪಿನ್ನು ಚುಚ್ಚಿ ಬಿಗಿ ಮಾಡಿದ್ದರು. ಮುಗೀತು ಕಥೆ, ಟಿಕೆಟ್ ವಾಪಸ್ ಕೇಳ್ತಾರೆ ಅಂತ ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ನಡುನೀರಿನ ಹಾಡಿನಲ್ಲಿ ಅವಳು ಅಳಲೇ ಇಲ್ಲ. ಹುಟ್ಟು ಹಾಕುತ್ತ, ನೀರಿನ ಆಳ ನೋಡುತ್ತ, ಕೆಲಸದವಳು ಗುನುಗಿಕೊಳ್ಳುವ ಹಾಗೆ ಶುರು ಮಾಡಿದಳು. ಹಾಡಿನ ನಡುವೆ ಅವನು ಎದ್ದು ನಿಲ್ಲುತ್ತಾನಲ್ಲ, ಆಗ ಇವಳ ಒಂದು ಕೈ ಹುಟ್ಟು ಬಿಟ್ಟು ಅವನ ಮೊಣಕಾಲನ್ನು ಒತ್ತಿ ಕೂರಿಸಿತು. ದೋಣಿ ವಾಲಿದರೆ ಅವನು ಬಿದ್ದಾನು ಎಂದು. ತನ್ನ ಬಾಳು ಮುಳುಗುತ್ತಿರುವಾಗ, ಬಿಟ್ಟು ಹೋಗುವವನು ನೀರಲ್ಲಿ ನೆನೆಯಬಾರದು ಎಂಬ ಚಿಂತೆ ಅವಳಿಗೆ. ಹಾಗೆ ಮಾಡು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ, ಸಂಗೀತದ ಮೇಷ್ಟ್ರನ್ನು ಕೇಳಿ ತಿಳಿದುಕೊಂಡೆ. ಆಮೇಲೆ ಮೇಲಿನ ಸ್ವರ ಬಂತು. ಬಂದದ್ದೇ ತಿಳಿಯಲಿಲ್ಲ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎದ್ದು ಸಭಾಂಗಣ ತುಂಬಿತು. ಪಾಪ್‌ಕಾರ್ನ್ ಜಗಿಯುವವರೂ ಬಾಯಿ ನಿಲ್ಲಿಸಿದರು.

ನಿನ್ನ ದೋಣಿಯವಳಿಗೆ ಅವನ ಮೇಲೆ ಸಿಟ್ಟಿತ್ತು. ಆ ಸಿಟ್ಟು ನೋಡಲು ಜನ ಎರಡೆರಡು ಸಲ ಬರುತ್ತಿದ್ದರು, ನಾನಂತೂ ದಿನಾ ನೋಡಿ ಬೆವರುತ್ತಿದ್ದೆ. ಅದಕ್ಕಿಂತ ಚೆನ್ನಾಗಿ ಆ ಪಾತ್ರ ಮಾಡಲು ಸಾಧ್ಯವೇ ಇಲ್ಲ ಎಂದು ಹನ್ನೆರಡು ವರ್ಷ ಊರೆಲ್ಲ ಸಾರಿಕೊಂಡು ಬಂದವನು ನಾನು. ಆದರೆ ಗುಬ್ಬಿ ಹಾಡಿದ ಆ ದಿನ ನನಗೆ ಒಂದು ಸಲವೂ ನಿನ್ನ ನೆನಪಾಗಲಿಲ್ಲ. ನನ್ನ ಕೈ ಅವಳ ಹಿಂದೆಯೇ ಹೋಯಿತು. ಇದನ್ನು ಬರೆಯದೆ ಇದ್ದರೆ ನೀನು ನನ್ನನ್ನು ಕೇಳಿದ್ದಕ್ಕೆ ಅರ್ಥವಿಲ್ಲ.

ಇನ್ನು ಮೂರನೆಯವಳು. ನೀನು ಫೋನಿಗೆ ಕಳಿಸಿದ ಹಾಡನ್ನು ಆಟ ಶುರುವಾಗುವ ಮುಂಚೆ, ಮೇಲೆ ಒಬ್ಬನೇ ಕೂತು ಕೇಳಿದೆ. ಮೊದಲಿಗೆ ಹಿಂದೆ ಅಕ್ಕನ ಹೊಲಿಗೆ ಯಂತ್ರದ ಸದ್ದಿತ್ತು. ನೀನು ಬಾಯಿ ತೆರೆದ ಕೂಡಲೇ ಅದು ನಿಂತಿತು. ಎಷ್ಟು ಬೈದರೂ ನಿನ್ನ ಅಕ್ಕ ಒಳ್ಳೆಯವಳು. ಕೆಳಗಿನ ಸಾಲುಗಳಲ್ಲಿ ನೀನೇ ಇದ್ದೆ, ಇಡಿಯಾಗಿ ಇದ್ದೆ. ಅಡುಗೆಮನೆಯಿಂದ ಕೇಳುತ್ತಿದ್ದ ಅದೇ ದನಿ, ಸ್ವಲ್ಪ ಸವೆದಿದೆ, ಸವೆದದ್ದೂ ಚೆಂದವೇ. ನನಗೆ ಆಸೆ ಹುಟ್ಟಿತು. ಕೂತಲ್ಲೇ ಮುಷ್ಟಿ ಬಿಗಿ ಹಿಡಿದಿದ್ದೆ. ಮೇಲಿನ ಸ್ವರಕ್ಕೆ ನೀನು ಉಸಿರು ತೆಗೆದುಕೊಂಡದ್ದು ಕೇಳಿತು. ಸ್ವರ ಬರಲಿಲ್ಲ, ಬರೀ ಗಾಳಿ ಬಂತು. ನೀನು ಕೆಮ್ಮಿ, ನಕ್ಕು, ಕೆಳಗಿನಿಂದ ಹಾಡಿ ಮುಗಿಸಿದೆ. ಇವತ್ತು ನೆಗಡಿ ಎಂದು ಬೇರೆ ಸೇರಿಸಿದ್ದೀಯ. ನಿನಗೆ ನೆಗಡಿ ಇರಲಿಲ್ಲ.

ನನ್ನ ಕಿವಿಯನ್ನು ನಾನು ನಂಬಲಿಲ್ಲ, ನಂಬಲು ಇಷ್ಟವಿರಲಿಲ್ಲ. ಮೇಷ್ಟ್ರಿಗೆ ಕೇಳಿಸಿದೆ. ನಿನಗೆ ಆ ಹಾಡು ಕಲಿಸಿದವರು ಅವರೇ ತಾನೆ, ಈಗಲೂ ವಾದ್ಯದವರ ಮುಂದೆ ಅವರೇ ಕೂರುವುದು. ಕಣ್ಣು ಮುಚ್ಚಿ ಕೇಳಿದರು. ಕೊನೆಗೆ ಕನ್ನಡಕ ಒರೆಸಿಕೊಂಡು ಟೀ ಇದೆಯೇನಪ್ಪಾ ಎಂದರು. ನಾನು ಬಿಡಲಿಲ್ಲ, ಶ್ರುತಿ ಇಳಿಸಿದರೆ ಆಗಲ್ವಾ ಮೇಷ್ಟ್ರೇ ಅಂದೆ. ಇಳಿಸಬಹುದು, ಆದ್ರೆ ಎಷ್ಟೂಂತ ಇಳಿಸೋದು, ಜೊತೆಗೆ ಹಾಡೋ ಗಂಡಸು ಪಾತಾಳಕ್ಕೆ ಇಳೀಬೇಕಾಗುತ್ತೆ ಅಂದರು. ಟೀ ಲೋಟ ಕೆಳಗಿಟ್ಟು, ವೈದ್ಯರು ಗಂಟಲಿನ ಗಂಟು ತೆಗೆದಾಗಲೇ ಆ ಸ್ವರವೂ ಹೋಗಿತ್ತು, ನಮಗೆಲ್ಲ ಗೊತ್ತಿತ್ತು, ಅವಳಿಗೆ ಯಾರೂ ಹೇಳಲಿಲ್ಲ ಅಷ್ಟೇ ಎಂದರು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಸುಮ್ಮನಿದ್ದೆವು. ಆ ಬಂಗಾರದಿಂದ ನಿನಗೇನು ಸಿಕ್ಕಿತೋ.

ಆದ್ದರಿಂದ ನನ್ನ ಉತ್ತರ ಬೇಡ ಎಂದು. ಬರಬೇಡ. ಮ್ಯಾನೇಜರ್ ಎದುರು ನಿಂತು ನೀನು ಆ ಉಸಿರು ತೆಗೆದುಕೊಳ್ಳುವುದನ್ನೂ, ಅವರು ವಾಚು ನೋಡುವುದನ್ನೂ ನಾನು ನೋಡಲಾರೆ. ಹೇಗೂ ಅವರು ನಿನ್ನ ಹೆಸರನ್ನೇ ಎತ್ತಿಲ್ಲ, ಹಳಬರ ನೆನಪು ಅವರಿಗೆ ಇದ್ದ ಹಾಗಿಲ್ಲ. ಪಾತ್ರ ಗುಬ್ಬಿಗೇ ಎಂದು ಎಲ್ಲರ ಮಾತು.

ಹಾಗಾದರೆ ಪಾತ್ರ ಇಲ್ಲದೆಯೇ ಬಾ ಎನ್ನಬಹುದಲ್ಲ ಎಂದು ನೀನು ಕೇಳಬಹುದು. ಮುಂದಿನ ಊರಿನ ಲಾಡ್ಜಿಗೆ ಫೋನ್ ಮಾಡಿ ಇಬ್ಬರ ಕೋಣೆ ಇದೆಯೇ ಎಂದು ವಿಚಾರಿಸಿದ್ದೆ, ಇದೆ, ಕಿಟಕಿಯೂ ಇದೆಯಂತೆ. ಆದರೆ ನಿನ್ನ ಗಂಟು ತೆಗೆಸಿದ ಮೇಲೆ ಅದನ್ನು ನಾವು ಒಮ್ಮೆ ಮಾಡಿ ನೋಡಿದ್ದೇವೆ. ನಾನು ಸಂಜೆ ಥಿಯೇಟರಿಗೆ ಹೊರಡುವುದು, ನೀನು ಬಾಗಿಲವರೆಗೆ ಬಂದು ನಿಲ್ಲುವುದು, ನಾನು ಮರಳಿ ಬಂದಾಗ ದೀಪ ಹಾಕದೆ ಕೂತಿರುವುದು. ಈ ಹೊತ್ತಿಗೆ ಯಾವ ಹಾಡು ನಡೆದಿರುತ್ತದೆ ಎಂದು ಗಡಿಯಾರ ನೋಡಿ ಹೇಳುತ್ತಿದ್ದೆಯಲ್ಲ, ಒಂದು ದಿನವೂ ತಪ್ಪುತ್ತಿರಲಿಲ್ಲ. ಯಾರು ಯಾರನ್ನು ಬಿಟ್ಟರು ಎಂದು ನಿನ್ನ ಅಕ್ಕ ಇಂದಿಗೂ ಪಂಚಾಯಿತಿ ಮಾಡುತ್ತಾಳೆ. ಯಾರೂ ಬಿಡಲಿಲ್ಲ. ಆ ಕೋಣೆಯಲ್ಲಿ ಇಬ್ಬರಿಗೂ ಉಸಿರಾಡಲು ಆಗುತ್ತಿರಲಿಲ್ಲ. ಪಾತ್ರವಿದ್ದರೆ ಮಾತ್ರ ನೀನು ನೀನಾಗಿರುತ್ತೀ, ನೀನು ನೀನಾಗಿದ್ದರೆ ಮಾತ್ರ ನನ್ನ ಜೊತೆ ಇರುತ್ತೀ. ಅತ್ತ ದರಿ, ಇತ್ತ ಪುಲಿ. ನನಗಂತೂ ನೀನು ಹೇಗಿದ್ದರೂ ಬೇಕು. ಇಷ್ಟು ವಯಸ್ಸಾದ ಮೇಲೆ ಇದನ್ನು ಬರೆಯಲು ನಾಚಿಕೆಯೂ ಇಲ್ಲ. ಆದರೆ ನಾನು ಬಯಸುವುದರಿಂದ ನಿನಗೆ ಏನೂ ಆಗುವುದಿಲ್ಲ, ಅದು ನನಗೆ ಗೊತ್ತು.

ಇಪ್ಪತ್ತೆರಡನೆಯ ತಾರೀಕು ಥಿಯೇಟರಿನ ಹತ್ತಿರ ಸುಳಿಯಬೇಡ. ಅಕ್ಕನಿಗೆ ನನ್ನ ನಮಸ್ಕಾರ ಹೇಳು, ಅವಳು ಮುಖ ತಿರುಗಿಸಿದರೂ ಹೇಳು. ಗಂಟಲಿಗೆ ತಣ್ಣನೆಯದು ಕುಡಿಯಬೇಡ. ಈಗ ಕುಡಿದರೇನು ಬಿಟ್ಟರೇನು ಎನ್ನಬೇಡ, ಬೇಡ ಅಂದರೆ ಬೇಡ.

ಇಂತಿ,
ನೀನೇ ಹೆಸರಿಟ್ಟ
ಕರೆಂಟು

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಇಷ್ಟನ್ನು ಸೇರಿಸುತ್ತಿದ್ದೇನೆ. ಮ್ಯಾನೇಜರ್ ವಿಷಯ ಸುಳ್ಳು ಬರೆದೆ. ಹೋದ ವಾರ ಅವರೇ ನನ್ನನ್ನು ಕೂರಿಸಿಕೊಂಡು ಪಾತ್ರಕ್ಕೆ ನಿನ್ನನ್ನು ಕೇಳಿದರು. ಹಳೇ ಹೆಸರು, ಪೋಸ್ಟರ್ ಮೇಲೆ ಹಾಕಿದ್ರೆ ಜನ ಬರ್ತಾರೆ ಅಂದರು. ಅವಳ ಗಂಟಲು ಹೋಗಿದೆ ಸಾರ್ ಅಂದೆ. ಹೋದ್ರೆ ಹೋಗ್ಲಿ, ಆಗಿನ ರೆಕಾರ್ಡಿಂಗ್ ಇದೆಯಲ್ಲ, ಹಿಂದಿನಿಂದ ಅದನ್ನೇ ಹಾಕೋಣ, ಅವರು ಹುಟ್ಟು ಹಾಕ್ತಾ ಬಾಯಿ ಆಡಿಸಿದ್ರೆ ಸಾಕು, ಕೇಳಿ ನೋಡಿ ಅಂದರು. ಮರುದಿನ ಅವರ ಹತ್ತಿರ ಹೋಗಿ, ಅವಳನ್ನು ಕೇಳಿದೆ, ಅವಳು ಒಪ್ಪಲಿಲ್ಲ ಎಂದು ಸುಳ್ಳು ಹೇಳಿದೆ. ನಿನ್ನೆ ಗುಬ್ಬಿ ಸಹಿ ಹಾಕಿದಳು. ನೀನು ಒಪ್ಪುತ್ತಿದ್ದೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ನಿನ್ನನ್ನು ಕೇಳಲಿಲ್ಲ.