ವಿಭೂತಿ ಹಚ್ಚಿದ ಕೀಬೋರ್ಡ್

೩೦ ಸೆಪ್ಟೆಂಬರ್ ೧೯೯೮, ಬುಧವಾರ

ಹನ್ನೆರಡು ಮದುವೆ ಕಾರ್ಡು ಕಂಪೋಸ್ ಆಯಿತು. ಇನ್ನು ನಾಲ್ಕಿವೆ. ಸಂಜೆ ಮಂಡಿಪೇಟೆಯ ನಮ್ಮ ಪ್ರೆಸ್ಸಿನಲ್ಲಿ ಆಯುಧ ಪೂಜೆ. ಅತ್ತೆ ಕಟಿಂಗ್ ಮಷಿನ್ನಿಗೆ, ಮಾವನ ಸ್ಕೂಟರಿಗೆ, ಕೊನೆಗೆ ನನ್ನ ಕಂಪ್ಯೂಟರಿಗೂ ವಿಭೂತಿ ಹಚ್ಚಿದರು. ಕೀಬೋರ್ಡಿಗೂ ಮೂರು ಪಟ್ಟೆ, ಒದ್ದೆ ಒದ್ದೆಯಾಗಿ.

೩ ಅಕ್ಟೋಬರ್, ಶನಿವಾರ

ಎರಡು ದಿನ ರಜೆ ಮುಗಿಸಿ ಬಂದರೆ ಕಂಪ್ಯೂಟರ್ ಒಳಗೇ ಬಿಡುತ್ತಿಲ್ಲ. ಪಾಸ್‌ವರ್ಡ್ ತಪ್ಪಂತೆ. ಮೂರು ಸಲ ತಪ್ಪಿದರೆ ನಿಂತೇ ಬಿಡುತ್ತದೆ. ಆಫ್ ಮಾಡಿ ಮತ್ತೆ ಮೂರು. ಮತ್ತೆ ಮೂರು...

ತಪ್ಪುವುದು ಹೇಗೆ? ಅದು ನನ್ನ ಹೆಸರು! ಹರಿಹರದಲ್ಲಿ ಇಪ್ಪತ್ತೆರಡು ವರ್ಷ ಕರೆಸಿಕೊಂಡ ಹೆಸರು. ಗುರುಶಾಂತಮ್ಮ. ನಮ್ಮಜ್ಜಿಯದು. ಅತ್ತೆಯದೂ ಅದೇ — ಒಂದೇ ಮನೆಯಲ್ಲಿ ಅತ್ತೆ, ಸೊಸೆಗೆ ಒಂದೇ ಹೆಸರು ಇರಬಾರದೆಂದು ಮದುವೆಯ ದಿನವೇ ನನ್ನನ್ನು ಐಶ್ವರ್ಯ ಮಾಡಿದರು. ಈಗ ಅಪ್ಪಾಜಿಯೂ ಫೋನಿನಲ್ಲಿ ಐಶ್ವರ್ಯ ಅನ್ನುತ್ತಾರೆ. ಹಳೆಯದು ಉಳಿದಿರುವುದು ಇಲ್ಲಿ ಮಾತ್ರ. ದಿನಾ ಬೆಳಿಗ್ಗೆ ಒಮ್ಮೆ ಜಿ, ಯು, ಆರ್ ಎಂದು ಇಂಗ್ಲಿಷಿನಲ್ಲಿ ಹೊಡೆಯುತ್ತೇನೆ. ಪರದೆಯ ಮೇಲೆ ಬರೀ ಚುಕ್ಕಿ. ಯಾರಿಗೂ ತಿಳಿಯದು.

ನನ್ನ ಹೆಸರು ನನಗೇ ಮರೆತುಹೋಯಿತೇ? ನಿಜಕ್ಕೂ ಭಯವಾಯಿತು.

೫ ಅಕ್ಟೋಬರ್, ಮಧ್ಯಾಹ್ನ

ಕಾರ್ಡಿನವರು ಬಂದು ಕೂಗಾಡಿ ಹೋದರು. ನನ್ನ ಯಜಮಾನರ ಮುಖ ಕೆಂಪಗೆ.

"ಪಾಸ್‌ವರ್ಡ್ ಏನೈತೆ ಹೇಳು, ನಾನೇ ಹೊಡೀತೀನಿ."

"ನೆನಪಾಗ್ತಿಲ್ರಿ."

ಸುಳ್ಳು. ಹೇಳಿದರೆ ನಾವಿಟ್ಟ ಹೆಸರು ಬ್ಯಾಡಾಯ್ತೇನು ಅನ್ನುತ್ತಾರೆ. ಇದನ್ನೂ ಕಿತ್ತುಕೊಳ್ಳುತ್ತಾರೆ. ನಾಳೆ ರಿಪೇರಿಯವನು ಬರುತ್ತಾನಂತೆ. ಅಲ್ಲೀತನಕ ನಾನು ಮುಟ್ಟಬಾರದಂತೆ. ಹಾಳು ಡಬ್ಬಿ!

೬ ಅಕ್ಟೋಬರ್

ಎಸ್.ಎಸ್. ಬಡಾವಣೆಯಿಂದ ರಿಪೇರಿಯ ಅಂಜನ್ ಕುಮಾರ್ ಬಂದ. ಕೀಬೋರ್ಡ್ ಬೋರಲು ಹಾಕಿ ತಟ್ಟಿದ. ಬಿಳಿ ಚಕ್ಕೆಗಳು ಉದುರಿದವು. ಒಣಗಿದ ವಿಭೂತಿ. ಮೂರು ಕೀ ಅಂಟಿಕೊಂಡಿದ್ದವು.

"ಯಾರ್ರಿ ಇದಕ್ಕೆ ವಿಭೂತಿ ಹಚ್ಚಿದ್ದು?"

"ನಾನೇ. ಯಾಕ, ಇದು ಆಯುಧ ಅಲ್ಲೇನು?" ಅಂದರು ಅತ್ತೆ.

ಸದ್ಯ, ನನ್ನ ಹೆಸರು ನಾನು ಮರೆತಿರಲಿಲ್ಲ! ಹಿಗ್ಗು ಎರಡು ನಿಮಿಷ ಉಳಿಯಿತು ಅಷ್ಟೇ. ಬೇರೆ ಕೀಬೋರ್ಡ್ ಸಿಕ್ಕಿಸಿ "ಪಾಸ್‌ವರ್ಡ್ ಹೇಳ್ರಿ ಅಕ್ಕಾ" ಅಂದ. ನಾನೇ ಹೊಡೆಯುತ್ತೇನೆಂದು ಮುಂದಾದೆ. ಯಜಮಾನರು ಕುರ್ಚಿ ಬಿಡಲಿಲ್ಲ. ಚೀಟಿಯಲ್ಲಿ ಬರೆದು ಕೊಟ್ಟೆ. ಎಲ್ಲರೆದುರು ಜೋರಾಗಿ ಓದಿಬಿಟ್ಟರು. ಹೊಡೆದರು. ತೆರೆಯಿತು.

ಅತ್ತೆಯ ಕಣ್ಣಲ್ಲಿ ನೀರು.

"ಅತ್ತಿ ಹೆಸ್ರು ಬಾಯಿಲೆ ಹೇಳಬಾರ್ದು ಅಂತ ಕಂಪ್ಯೂಟರ್‌ನಾಗೆ ಇಟ್ಕಂಡಾಳೆ ನೋಡ್ರಿ ನನ್ ಸೊಸಿ!"

ಕೆನ್ನೆ ಸವರಿ ನೆಟಿಗೆ ಮುರಿದರು. ಅದು ನನ್ನ ಹೆಸರು ಅತ್ತೆ ಅನ್ನುವ ಬದಲು ಬಗ್ಗಿ ಅವರ ಕಾಲು ಮುಟ್ಟಿದೆ.

೭ ಅಕ್ಟೋಬರ್

ಇಡೀ ಪ್ರೆಸ್ಸಿಗೆ ತಿಳಿದ ಪಾಸ್‌ವರ್ಡ್ ಇರಬಾರದಂತೆ. ಬದಲಾಯಿಸಿದರು.

"ಈ ಸಲ ನಿನ್ ಹೆಸ್ರೇ ಇಟ್ಕ" ಅಂದರು ಅತ್ತೆ, ಪ್ರೀತಿಯಿಂದಲೇ.

ಯಜಮಾನರೇ ಹೊಡೆದರು. ಐಶ್ವರ್ಯ.

೧೦ ಅಕ್ಟೋಬರ್, ಬೆಳಿಗ್ಗೆ ಹತ್ತು

ಎರಡು ಸಲ ತಪ್ಪಿತು. ಕೀಬೋರ್ಡ್ ಹೊಸದು, ಅದರ ತಪ್ಪಲ್ಲ. ಕೈ ತಾನಾಗಿ ಹಳೆಯದಕ್ಕೇ ಹೋಗುತ್ತದೆ. ಇನ್ನೊಂದೇ ಸಲ ಉಳಿದಿದೆ. ಬಾಗಿಲಲ್ಲಿ ಅತ್ತೆ "ಐಶ್ವರ್ಯಾ" ಎಂದು ಕರೆಯುತ್ತಿದ್ದಾರೆ. ಮೊದಲ ಅಕ್ಷರ ಒತ್ತಿ ಕೂತಿದ್ದೇನೆ. ಜಿ —