ಪಂಪ್ ನಿಲ್ಲಿಸಿ ಅಳೆದ ನೀರು

ಫೆಬ್ರವರಿ 12, ಬೆಳಿಗ್ಗೆ

ಎಂದಿನಂತೆ ಮೂರನೇ ಕೊಳವೆಬಾವಿ. ರಾತ್ರಿಯಿಡೀ ಪಂಪ್ ಬಂದ್. ಮಟ್ಟ ಅಳೆಯುವ ಟೇಪ್ ಇಳಿಸಿದೆ, ನೀರು ಬೇಗನೆ ಸಿಕ್ಕಿತು. ನಮ್ಮ ನೀರು ಸರಬರಾಜು ಕಚೇರಿಯ ಸಾಹೇಬರಿಗೆ ಖುಷಿಯೋ ಖುಷಿ. "ನೋಡಿ ಮೇಡಂ, ನೀರಿಗೇನು ಬರ? ಆ ಹೊಸ ಅಪಾರ್ಟ್‌ಮೆಂಟ್ ಟವರ್‌ಗಳಿಗೆಲ್ಲ ಕನೆಕ್ಷನ್ ಕೊಟ್ಬಿಡೋಣ."

ಅಲ್ಲೇ ತಂಗಿಯೂ ಮನೆ ಬುಕ್ ಮಾಡಿದ್ದಾಳೆ. ಈಗ ಇರುವುದು ಒಂದೇ ರೂಮು — ಗಂಡ, ಮಗ, ಹೊಟ್ಟೆಯಲ್ಲಿ ಇನ್ನೊಂದು. ಪಾಪ, ಕಾಯುತ್ತಿದ್ದಾಳೆ.

ಆದರೆ ಒಂದು ಯೋಚನೆ ತಲೆ ಕೊರೆಯುತ್ತಿದೆ... ಊರು ನೀರೆಳೆಯುವುದು ಹಗಲು. ನಾವು ಅಳೆಯುವುದು ಪಂಪ್ ಮಲಗಿ ಎದ್ದ ಮೇಲೆ. ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲವಲ್ಲ, ನನ್ನನ್ನೂ ಸೇರಿಸಿ!

ಫೆಬ್ರವರಿ 13, ಸಂಜೆ

ಪಂಪ್ ನಿಲ್ಲಿಸದೆ ಅಳೆದೆ. ಟೇಪ್ ಇಳಿಯಿತು, ಇಳಿಯಿತು... ನೀರು ಬಾವಿಯ ತಳದಲ್ಲಿರುವ ಪಂಪಿನ ಬಾಯಿಯವರೆಗೂ ಕುಸಿದಿದೆ. ಉಳಿದ ಬಾವಿಗಳದೂ ಇದೇ ಹಾಡು. ಮಳೆ ಚೆನ್ನಾಗಿ ಬಂದ ವರ್ಷವೇ ಹೀಗೆ. ರಾತ್ರಿ ಊರಿದ್ದೆಲ್ಲ ಹಗಲಿಗೇ ಖಾಲಿ. ಇರುವ ಜನಕ್ಕೇ ಸಾಲದು.

ಫೆಬ್ರವರಿ 16

ಸಾಹೇಬರಿಗೆ ಹೇಳಿದೆ.

"ಜನ ಹುಟ್ತಾರೆ, ಬರ್ತಾರೆ. ಬೇಡ ಅನ್ನೋಕಾಗುತ್ತಾ? ಇನ್ನೆರಡು ಬಾವಿ ಕೊರೆಸಿದ್ರಾಯ್ತು."

"ಎಷ್ಟು ಕೊರೆಸಿದ್ರೂ ಕೆಳಗಿರೋದು ಅದೇ ನೀರು ಸಾರ್. ಒಂದೇ ಎಳನೀರಿಗೆ ಹತ್ತು ಸ್ಟ್ರಾ ಹಾಕಿದ್ರೆ ಹೆಚ್ಚಾಗುತ್ತಾ?"

ಮುಖ ಗಂಟಿಕ್ಕಿದರು. "ಕನೆಕ್ಷನ್ ತೀರ್ಮಾನದ ಸಭೇಲಿ ಬೆಳಗಿನ ಮಟ್ಟ ಹೇಳಿ. ಅಷ್ಟು ಸಾಕು."

ಸಾಕಂತೆ! ನಾಳೆ ನಲ್ಲಿ ಗಾಳಿ ಕಾರಿದರೆ ಬೈಸಿಕೊಳ್ಳುವವಳು ನಾನು. ಹೇಳುವುದಿಲ್ಲ. ಸಂಜೆಯ ಮಟ್ಟವನ್ನೇ ಹೇಳುತ್ತೇನೆ.

ಫೆಬ್ರವರಿ 18, ಭಾನುವಾರ

ಬೇರೆಯವರ ಬಾಯಿಂದ ಕೇಳುವುದು ಬೇಡವೆಂದು ತಂಗಿಯ ಮನೆಗೆ ಹೋದೆ. ನೀರಿನ ಕನೆಕ್ಷನ್ ಇಲ್ಲದೆ ಹೊಸ ಮನೆಯ ಕೀಲಿ ಕೊಡುವುದಿಲ್ಲ ಎಂದು ಅವಳಿಗೂ ಗೊತ್ತು. ಎಲ್ಲ ಕೇಳಿಸಿಕೊಂಡಳು.

"ಅಂದ್ರೆ, ನಿನ್ನ ಲೆಕ್ಕದಲ್ಲಿ ನನ್ನ ಮಗು ಹೆಚ್ಚಾಯ್ತಾ ಅಕ್ಕಾ?"

"ಹುಚ್ಚಿ, ಹಾಗಲ್ಲ ಕಣೇ... ಹೆರಿಗೆಗೆ ನಮ್ಮನೆಗೆ ಬಾ. ಎಲ್ಲರೂ ಬನ್ನಿ, ಎಷ್ಟು ದಿನ ಬೇಕಾದ್ರೂ ಇರಿ."

"ನಿಮ್ಮನೆ ನಲ್ಲೀಲಿ ಬೇರೆ ನೀರು ಬರುತ್ತಾ?"

ಎದ್ದು ಹೊರಟು ಬಂದೆ. ಬಸ್ಸಿನಲ್ಲಿ ಅತ್ತುಬಿಟ್ಟೆ. ಪಕ್ಕದವರು ಜಾಗ ಬಿಟ್ಟು ಎದ್ದರು.

ಫೆಬ್ರವರಿ 26, ಸಭೆಯ ಹಾಲ್

ಅಂದಿನಿಂದ ಅವಳ ಫೋನಿಲ್ಲ. ನಾನು ಮಾಡಿದರೆ ಕಟ್.

ಕೂರಲು ಜಾಗವಿಲ್ಲದಷ್ಟು ಜನ. ಮನೆ ಬುಕ್ ಮಾಡಿದವರೆಲ್ಲ ಬಂದಿದ್ದಾರೆ. ಹಿಂದಿನ ಸಾಲಿನಲ್ಲಿ ತಂಗಿ, ಹೊಟ್ಟೆಯ ಮೇಲೆ ಕೈ. ನನ್ನತ್ತ ನೋಡುತ್ತಿಲ್ಲ. ಸಾಹೇಬರು ಮಾತ್ರ ನೋಡುತ್ತಲೇ ಇದ್ದಾರೆ.

ಇಲ್ಲದ ನೀರನ್ನು ಇದೆ ಎನ್ನಲಾರೆ, ಅವಳ ಮಗುವಿಗಂತೂ ಎನ್ನಲಾರೆ. ನನ್ನ ಹೆಸರು ಕರೆದರು. ಮೊದಲು ಸಂಜೆಯ ಮಟ್ಟ. ಆಮೇಲೆ ತಲೆಯೆತ್ತಿ ಅವಳ ಮುಖ ನೋಡಿಯೇ ಹೇಳಬೇಕು — ಈ ನೆಲ ಇನ್ನು ಒಬ್ಬರಿಗೂ ನೀರು ಕೊಡಲಾರದು.